ನಿಂಜಾ ಪ್ರಕರಣ: ಆರು ಲಕ್ಷ ನೋಡುಗರಲ್ಲಿ ಸ್ಟ್ರೀಮರ್‌ನವರು ಎಷ್ಟು ಮಂದಿ?

ಗೇಮ್ ಸ್ಟ್ರೀಮಿಂಗ್ ವೃತ್ತಿ, ಅಂದರೆ ಆಟ ಆಡುತ್ತ ಅದನ್ನು ಇಂಟರ್‌ನೆಟ್‌ನಲ್ಲಿ ನೇರಪ್ರಸಾರ ಮಾಡುವ ಕೆಲಸ, ಹೇಗೆ ನಡೆಯುತ್ತದೆ ಎಂದು ತಿಳಿಯಲು ಒಬ್ಬರನ್ನೇ ಆರಿಸಿಕೊಳ್ಳಬೇಕಾದರೆ ಟೈಲರ್ ಬ್ಲೆವಿನ್ಸ್ ಅವರನ್ನು ಆರಿಸಿಕೊಳ್ಳುವುದು ವಾಸಿ. 'ನಿಂಜಾ' ಹೆಸರಿನಲ್ಲಿ ಆಡುವ ಈ ಅಮೆರಿಕನ್ ಆಟಗಾರ ಜನಪ್ರಿಯರು ಎಂಬುದು ಇದ್ದೇ ಇದೆ. ಅದಕ್ಕಿಂತ ಉಪಯೋಗದ ಸಂಗತಿ ಬೇರೊಂದಿದೆ: ಇವರ ವೃತ್ತಿಯಲ್ಲಿ ಒಂದು ಸಲಕ್ಕೆ ಒಂದೇ ಅಂಶ ಬದಲಾಗಿದೆ. ಮೊದಲು ಆಟ ಬದಲಾಯಿತು, ಆಮೇಲೆ ವೇದಿಕೆ, ಮತ್ತೆ ವೇದಿಕೆ, ಕೊನೆಗೆ ಒಪ್ಪಂದದ ರೀತಿ. ಕ್ಯಾಮೆರಾ ಮುಂದೆ ಕೂತ ಮನುಷ್ಯ ಅದೇ, ಮಾತು ಅದೇ, ಕೈಚಳಕ ಅದೇ. ಹಾಗಾಗಿ ಯಾವುದರಿಂದ ಎಷ್ಟು ಜನ ಬಂದರು, ಯಾವುದರಿಂದ ಹೋದರು ಎಂದು ಬಿಡಿಸಿ ನೋಡಲು ಬರುತ್ತದೆ.

ಶುರುವಿನಲ್ಲೇ ಮೂರು ಲೆಕ್ಕಗಳನ್ನು ಬೇರೆಬೇರೆ ಇಟ್ಟುಕೊಳ್ಳಬೇಕು. ಆಟಗಳ ನೇರಪ್ರಸಾರದ ದೊಡ್ಡ ವೇದಿಕೆಯಾದ ಟ್ವಿಚ್‌ನಲ್ಲಿ ಫಾಲೋ ಮಾಡಲು ದುಡ್ಡು ಬೇಡ. ಒಮ್ಮೆ ಒತ್ತಿ ಮರೆತವರೂ ಎಣಿಕೆಯಲ್ಲಿ ಉಳಿಯುತ್ತಾರೆ. ಏಕಕಾಲದ ನೋಡುಗರು ಎಂದರೆ ಆ ಹೊತ್ತಿನಲ್ಲಿ ಲೈವ್ ತೆರೆದುಕೊಂಡಿರುವವರು. ಸಬ್ ಎಂದರೆ ತಿಂಗಳ ಚಂದಾ ಕಟ್ಟಿದವರು. ಯೂಟ್ಯೂಬ್‌ನ ಪುಕ್ಕಟೆ ಸಬ್‌ಸ್ಕ್ರೈಬ್ ಗುಂಡಿಗೂ ಇದಕ್ಕೂ ಸಂಬಂಧವಿಲ್ಲ. 2018ರಲ್ಲಿ ಟ್ವಿಚ್‌ನ ಮೊದಲ ಹಂತದ ಸಬ್‌ಗೆ ತಿಂಗಳಿಗೆ 4.99 ಡಾಲರ್ ಇತ್ತು. ಫಾಲೋವರ್ ಸಂಖ್ಯೆ ಕೆಳಗಿಳಿಯುವುದು ಅಪರೂಪ. ಸಬ್ ಸಂಖ್ಯೆಯನ್ನು ಮಾತ್ರ ಪ್ರತಿ ತಿಂಗಳೂ ಹೊಸದಾಗಿ ಗಳಿಸಬೇಕು. ಸುದ್ದಿಯಾಗುವುದು ಮೊದಲನೆಯದು, ಸಂಪಾದನೆ ಮೂರನೆಯದು.

ಆರು ತಿಂಗಳ ಏರಿಕೆ, ಅದರ ಹಿಂದಿನ ಎಂಟು ವರ್ಷ

ಬ್ಲೆವಿನ್ಸ್ 2009ರಿಂದ ಹೇಲೋ 3 ಎಂಬ ಗುಂಡು ಹೊಡೆಯುವ ಆಟದ ಸ್ಪರ್ಧೆಗಳಲ್ಲಿ ಆಡುತ್ತಿದ್ದರು. 2011ರಲ್ಲಿ ಟ್ವಿಚ್‌ನ ಮೂಲ ತಾಣವಾದ ಜಸ್ಟಿನ್ ಟಿವಿಯಲ್ಲಿ ಲೈವ್ ಶುರುಮಾಡಿ ಟ್ವಿಚ್‌ಗೆ ಬಂದರು. ಕ್ಲೌಡ್9, ರೆನೆಗೇಡ್ಸ್, ಟೀಮ್ ಲಿಕ್ವಿಡ್ ತಂಡಗಳಲ್ಲಿ ಆಡಿ, 2017ರಲ್ಲಿ ಲುಮಿನಾಸಿಟಿ ತಂಡ ಸೇರಿ ಎಚ್1ಝಡ್1, ಪಬ್‌ಜಿ ಆಡಿದರು. 2017ರ ಸೆಪ್ಟೆಂಬರ್ ಹೊತ್ತಿಗೆ ಫಾಲೋವರ್‌ಗಳು ಸುಮಾರು 5 ಲಕ್ಷ. ಚೆನ್ನಾಗಿ ಬದುಕಲು ಸಾಕಾಗುವ, ಹೊರಗಿನವರಿಗೆ ಹೆಸರು ಗೊತ್ತಿಲ್ಲದ ಮಟ್ಟ ಅದು.

2017ರ ಸೆಪ್ಟೆಂಬರ್ 26ರಂದು ಫೋರ್ಟ್‌ನೈಟ್ ಬ್ಯಾಟಲ್ ರಾಯಲ್ ಬಂತು. ಎಲ್ಲರೂ ಒಂದೇ ಮೈದಾನಕ್ಕಿಳಿದು ಕೊನೆಗೆ ಉಳಿದವರು ಗೆಲ್ಲುವ ಆಟ ಅದು. ಆರು ತಿಂಗಳಲ್ಲಿ ಬ್ಲೆವಿನ್ಸ್ ಅವರ ಫಾಲೋವರ್‌ಗಳು 20 ಲಕ್ಷ ದಾಟಿದರು. 2018ರಲ್ಲೇ ಟ್ವಿಚ್‌ನಲ್ಲಿ ಒಂದು ಕೋಟಿ ಫಾಲೋವರ್ ಮುಟ್ಟಿದ ಮೊದಲಿಗರಾದರು. 'ಸರಿಯಾದ ಸಮಯಕ್ಕೆ ಸರಿಯಾದ ಆಟ' ಎಂದು ಇದನ್ನು ಮುಗಿಸಿಬಿಡುವವರಿದ್ದಾರೆ. ಸುಳ್ಳಲ್ಲ, ಆದರೆ ಅದೇ ಸಮಯಕ್ಕೆ ಅದೇ ಆಟ ಸಾವಿರಾರು ಜನರ ಕೈಯಲ್ಲಿತ್ತು.

ಆಟ ಉಚಿತ. ನೋಡಿದವರು ಅಂದೇ ಇಳಿಸಿಕೊಂಡು ಆಡಬಹುದಿತ್ತು, ಆಡಿ ಸೋತವರು ಕಲಿಯಲೆಂದು ಮತ್ತೆ ಲೈವ್‌ಗೆ ಬರುತ್ತಿದ್ದರು. ಆಟಕ್ಕೆ ಹೊಸದಾಗಿದ್ದದ್ದು ಗೋಡೆ, ಏಣಿ ಕಟ್ಟುವ ಕೌಶಲ. ಅದರಲ್ಲಿ ಹಳಬರು ಎಂಬವರೇ ಇರಲಿಲ್ಲ. ಆದರೆ ಗುರಿಯಿಡುವುದು, ಓಡುತ್ತ ಜಿಗಿಯುತ್ತ ಗುಂಡು ಹೊಡೆಯುವುದು ಹೇಲೋದಲ್ಲಿ ವರ್ಷಗಟ್ಟಲೆ ಪಳಗಿದ್ದ ಕೈಗೆ ಸಲೀಸು. ಹೀಗೆ ಅರ್ಧ ಕೌಶಲ ಎಲ್ಲರಿಗೂ ಹೊಸದು, ಉಳಿದರ್ಧ ಇವರ ಹತ್ತಿರ ಮೊದಲೇ ಸಿದ್ಧ.

ಲೈವ್‌ನಲ್ಲಿ ಗೆಲ್ಲುವುದಕ್ಕಿಂತ ಕಷ್ಟದ ಕೆಲಸ ಏನೂ ನಡೆಯದ ಹೊತ್ತನ್ನು ತುಂಬುವುದು. ನೂರು ಜನರ ಬ್ಯಾಟಲ್ ರಾಯಲ್ ಪಂದ್ಯದಲ್ಲಿ ಕಾದಾಟ ಕೆಲವೇ ನಿಮಿಷ. ಉಳಿದದ್ದು ಲಾಬಿಯಲ್ಲಿ ಕಾಯುವುದು, ಇಳಿಯುವುದು, ಪೆಟ್ಟಿಗೆ ಹುಡುಕುವುದು, ಓಡುವುದು. ಆ ಹೊತ್ತಿನಲ್ಲೇ ಚಾಟ್ ಓದಬೇಕು, ಹೊಸ ಸಬ್‌ನ ಹೆಸರು ಹೇಳಬೇಕು, ಹಿಂದಿನ ಪಂದ್ಯದಲ್ಲಿ ಎಲ್ಲಿ ತಪ್ಪಿತು ಎಂದು ವಿವರಿಸಬೇಕು. ಬ್ಲೆವಿನ್ಸ್ ಅನುಕರಣೆಯ ದನಿ, ಕೂಗು, ಹಾಡು ಎಲ್ಲ ಸೇರಿಸಿ ಈ ಖಾಲಿ ಜಾಗವನ್ನು ದಿನಕ್ಕೆ ಸುಮಾರು 12 ಗಂಟೆ ತುಂಬುತ್ತಿದ್ದರು. ಸ್ಪರ್ಧೆಯಲ್ಲಿ ಇವರಿಗಿಂತ ಚೆನ್ನಾಗಿ ಆಡುವವರು ಬೇಗನೇ ಬಂದರು. ಆಡುತ್ತಲೇ ಇಷ್ಟು ಹೊತ್ತು ಮಾತಾಡಬಲ್ಲವರು ಹೆಚ್ಚು ಬರಲಿಲ್ಲ.

2018ರ ಮಾರ್ಚ್ 14ರ ರಾತ್ರಿ ರ‍್ಯಾಪ್ ಗಾಯಕ ಡ್ರೇಕ್ ಜೊತೆಗೂಡಿ ಆಡಿದರು. ಟ್ರಾವಿಸ್ ಸ್ಕಾಟ್, ಅಮೆರಿಕನ್ ಫುಟ್‌ಬಾಲ್ ಆಟಗಾರ ಜೂಜು ಸ್ಮಿತ್-ಶೂಸ್ಟರ್ ಸೇರಿಕೊಂಡರು. ಏಕಕಾಲದ ನೋಡುಗರು 6,28,000 ದಾಟಿದರು. ಟೂರ್ನಮೆಂಟ್ ಅಲ್ಲದ ವೈಯಕ್ತಿಕ ಲೈವ್‌ನಲ್ಲಿ ಅದುವರೆಗಿನ ದಾಖಲೆ ಸುಮಾರು 3,88,000. ಮುಂದಿನ ತಿಂಗಳು ಲಾಸ್ ವೇಗಸ್‌ನಲ್ಲಿ ನಡೆದ 'ನಿಂಜಾ ವೇಗಸ್ 18' ಕಾರ್ಯಕ್ರಮದಲ್ಲಿ ಅದು ಸುಮಾರು 6,67,000ಕ್ಕೆ ಏರಿತು. ಅಲ್ಲಿ ಪಂದ್ಯ ಗೆದ್ದವರಿಗೆ ಬಹುಮಾನ ಇದ್ದಂತೆ, ನಿಂಜಾನನ್ನು ಹೊಡೆದುರುಳಿಸಿದವರಿಗೂ ಇತ್ತು. ಆ ಒಂದು ನಿಯಮದಿಂದ ಸ್ಟ್ರೀಮರ್ ಸೋತರೂ ನೋಡುಗರಿಗೆ ಒಂದು ಘಟನೆ ಸಿಕ್ಕಿತು. ಕಾರ್ಯಕ್ರಮ ಯೋಜಿಸುವವರು ಗಮನಿಸಬೇಕಾದ ಜಾಣತನ ಇದು.

2,69,154 ಸಬ್‌ಗಳ ಒಳಗೆ ಏನಿತ್ತು

2018ರ ಮಾರ್ಚ್‌ನಲ್ಲಿ ಸಬ್‌ಗಳ ಸಂಖ್ಯೆ 2,69,154 ಮುಟ್ಟಿತು. 2021ರ ಏಪ್ರಿಲ್‌ನಲ್ಲಿ ಲಡ್‌ವಿಗ್ ಎಂಬ ಇನ್ನೊಬ್ಬ ಸ್ಟ್ರೀಮರ್ ಒಂದು ತಿಂಗಳು ಎಡೆಬಿಡದೆ ಲೈವ್ ನಡೆಸಿ ಮುರಿಯುವವರೆಗೂ ಅದೇ ಟ್ವಿಚ್ ದಾಖಲೆ. ಸಣ್ಣ ಚಾನೆಲ್‌ಗಳಿಗೆ ಸಬ್ ಹಣದಲ್ಲಿ ಅರ್ಧ ಸಿಗುತ್ತಿದ್ದರೆ ದೊಡ್ಡ ಪಾರ್ಟ್‌ನರ್‌ಗಳಿಗೆ, ಅಂದರೆ ಟ್ವಿಚ್ ಜೊತೆ ಒಪ್ಪಂದ ಮಾಡಿಕೊಂಡ ಜನಪ್ರಿಯ ಚಾನೆಲ್‌ಗಳಿಗೆ, ಶೇ. 70 ಸಿಗುತ್ತಿತ್ತು, ಅಂದರೆ 5 ಡಾಲರ್ ಸಬ್‌ಗೆ ಸರಿಸುಮಾರು 3.50. ತಿಂಗಳಿಗೆ 5 ಲಕ್ಷ ಡಾಲರ್‌ಗೂ ಹೆಚ್ಚು ಬರುತ್ತದೆ ಎಂದು ಬ್ಲೆವಿನ್ಸ್ ಆಗ ಟಿವಿ ಸಂದರ್ಶನದಲ್ಲಿ ಹೇಳಿದ್ದು ಈ ಗುಣಾಕಾರಕ್ಕೆ ಹೊಂದುತ್ತದೆ. 2018ರ ಒಟ್ಟು ಗಳಿಕೆ ಸುಮಾರು ಒಂದು ಕೋಟಿ ಡಾಲರ್ ಎಂದೂ ವರ್ಷದ ಕೊನೆಗೆ ಹೇಳಿದರು. ಅದರಲ್ಲಿ ಯೂಟ್ಯೂಬ್ ಜಾಹೀರಾತು, ಪ್ರಾಯೋಜಕರ ಹಣ ಎಲ್ಲ ಸೇರಿತ್ತು.

ಆದರೆ ಎಲ್ಲ ಸಬ್‌ಗಳೂ ಒಂದೇ ಜಾತಿಯವಲ್ಲ. ಕಾರ್ಡ್‌ನಿಂದ ತಿಂಗಳು ತಿಂಗಳು ತಾನಾಗಿ ಕಡಿತವಾಗುವುದು ಒಂದು. ಬೇರೆಯವರು ಉಡುಗೊರೆ ಕೊಟ್ಟದ್ದು ಇನ್ನೊಂದು. ಮೂರನೆಯದು ಪ್ರೈಮ್ ಸಬ್: ಅಮೆಜಾನ್ ಪ್ರೈಮ್ ಇದ್ದವರಿಗೆ ಟ್ವಿಚ್‌ನಲ್ಲಿ ತಿಂಗಳಿಗೆ ಒಂದು ಸಬ್ ಉಚಿತ. ನೋಡುಗರಿಗೆ ಉಚಿತವಾದರೂ ಸ್ಟ್ರೀಮರ್‌ಗೆ ಪಾಲು ಬರುತ್ತದೆ. ಮುಖ್ಯ ವ್ಯತ್ಯಾಸ ಏನೆಂದರೆ ಪ್ರೈಮ್ ಸಬ್ ತಾನಾಗಿ ನವೀಕರಣವಾಗುವುದಿಲ್ಲ. ಪ್ರತಿ ತಿಂಗಳೂ ನೋಡುಗರು ಚಾನೆಲ್‌ಗೆ ಬಂದು ಮತ್ತೆ ಗುಂಡಿ ಒತ್ತಬೇಕು.

ಈಗ ತಾರೀಕು ಜೋಡಿಸಿ ನೋಡಿ. 2018ರ ಫೆಬ್ರವರಿ ಕೊನೆಗೆ, ಅಮೆಜಾನ್ ಪ್ರೈಮ್ ಜೊತೆ ಸಿಗುವ ಟ್ವಿಚ್ ಪ್ರೈಮ್ ಖಾತೆ ಜೋಡಿಸಿದವರಿಗೆ ಫೋರ್ಟ್‌ನೈಟ್‌ನಲ್ಲಿ ಉಚಿತ ಉಡುಪು, ಸಾಮಗ್ರಿ ಸಿಗುವ ಪ್ಯಾಕ್ ಬಂತು. ಅದಕ್ಕಾಗಿ ಖಾತೆ ಜೋಡಿಸಿದ ಅಸಂಖ್ಯ ಹುಡುಗರ ಕೈಯಲ್ಲಿ ಬಳಸದ ಒಂದು ಉಚಿತ ಸಬ್ ಉಳಿಯಿತು. ಅದನ್ನು ಯಾರಿಗೆ ಕೊಡುವುದು? ಆ ಆಟದ ಅತಿ ದೊಡ್ಡ ಚಾನೆಲ್‌ಗೆ. ಎರಡು ವಾರದಲ್ಲಿ ಡ್ರೇಕ್ ರಾತ್ರಿ. ಮಾರ್ಚ್‌ನ ಶಿಖರಕ್ಕೆ ಇವೆರಡೂ ಕಾರಣ. ಎಷ್ಟು ಪಾಲು ಯಾವುದರದ್ದು ಎಂಬುದು ಚಾನೆಲ್‌ನ ಒಳಗಿನ ಅಂಕಿಅಂಶ ನೋಡಬಲ್ಲವರಿಗೇ ಗೊತ್ತು.

48 ಗಂಟೆ, 40,000 ಸಬ್

2018ರ ಜೂನ್‌ನಲ್ಲಿ ಬ್ಲೆವಿನ್ಸ್ ವೀಡಿಯೊ ಗೇಮ್‌ಗಳ ಇ3 ಮೇಳಕ್ಕೆಂದು ಲಾಸ್ ಏಂಜಲಿಸ್‌ಗೆ ಹೋದರು. ಅಲ್ಲಿ ಆಟಗಾರರು ಪ್ರಸಿದ್ಧರ ಜೊತೆ ಜೋಡಿಯಾಗಿ ಆಡುವ ಫೋರ್ಟ್‌ನೈಟ್ ಪ್ರೊ-ಆಮ್ ಪಂದ್ಯವನ್ನು ಡಿಜೆ ಮಾರ್ಶ್‌ಮೆಲ್ಲೋ ಜೊತೆ ಗೆದ್ದರು. ದತ್ತಿಗೆ ಹತ್ತು ಲಕ್ಷ ಡಾಲರ್ ಹೋಯಿತು. ಆಟದ ಲೋಕದಲ್ಲಿ ಅದಕ್ಕಿಂತ ದೊಡ್ಡ ಪ್ರಚಾರ ಇರಲಿಲ್ಲ. ಅದೇ ಹೊತ್ತಿಗೆ, 48 ಗಂಟೆಗೂ ಕಡಿಮೆ ಲೈವ್ ಬಿಟ್ಟದ್ದಕ್ಕೆ 40,000 ಸಬ್ ಕಳೆದುಕೊಂಡೆ ಎಂದು ಟ್ವೀಟ್ ಮಾಡಿದರು. ಸಬ್‌ಗೆ 3.50 ಡಾಲರ್ ಹಿಡಿದರೆ ತಿಂಗಳ ಲೆಕ್ಕದಲ್ಲಿ 1,40,000 ಡಾಲರ್.

ಅಭಿಮಾನಿಗಳು ಮುನಿಸಿಕೊಂಡು ಬಿಟ್ಟುಹೋದರು ಎಂದು ಇದನ್ನು ಓದಿದರೆ ತಪ್ಪಾಗುತ್ತದೆ. ಸಬ್‌ಗಳು 2 ಲಕ್ಷ ಎಂದಿಟ್ಟುಕೊಳ್ಳಿ, ಪ್ರತಿಯೊಂದರ ಆಯುಸ್ಸು 30 ದಿನ. ಸಮನಾಗಿ ಹಂಚಿದ್ದರೆ ದಿನಕ್ಕೆ ಸುಮಾರು 6,700ರ ಅವಧಿ ಮುಗಿಯುತ್ತದೆ, ಎರಡು ದಿನಕ್ಕೆ 13,400. 40,000 ಬೀಳಬೇಕಾದರೆ ಆ ದಿನಗಳಲ್ಲಿ ಅವಧಿ ಮುಗಿಯುವ ಸಬ್‌ಗಳು ಗುಂಪುಗೂಡಿರಬೇಕು. ಯಾವುದೋ ಕಾರ್ಯಕ್ರಮದ ದಿನ, ಕೊಡುಗೆಯ ದಿನ ಒಟ್ಟಿಗೆ ಬಂದವರ ಅವಧಿ ಒಟ್ಟಿಗೇ ಮುಗಿಯುತ್ತದೆ. ಆ ದಿನ ಚಾನೆಲ್ ಲೈವ್ ಇದ್ದರೆ ನೋಡಲು ಬಂದವರು ಗುಂಡಿ ಒತ್ತುತ್ತಾರೆ. ಇಲ್ಲದಿದ್ದರೆ ಪ್ರೈಮ್ ಸಬ್ ಹಾಗೇ ಉಳಿದು, ಆಗ ಲೈವ್ ಇದ್ದ ಬೇರೆ ಚಾನೆಲ್‌ಗೆ ಹೋಗುತ್ತದೆ.

ಇದರಿಂದ ಹೊರಡುವ ಕೆಲಸದ ಕ್ರಮ ಎಲ್ಲ ಗಾತ್ರದ ಚಾನೆಲ್‌ಗೂ ಹೊಂದುತ್ತದೆ. ಸಬ್‌ಗಳನ್ನು ತಾನಾಗಿ ಕಡಿತವಾಗುವವು, ಪ್ರೈಮ್, ಉಡುಗೊರೆ ಎಂದು ಪ್ರತ್ಯೇಕಿಸಿ ತಿಂಗಳ ಹಾಳೆಯಲ್ಲಿ ಬರೆಯಿರಿ; ಖಾಯಂ ಖರ್ಚುಗಳನ್ನು ಮೊದಲನೆಯ ಗುಂಪಿನ ಆದಾಯದೊಳಗೆ ಇಟ್ಟುಕೊಳ್ಳಿ. ದೊಡ್ಡ ಕಾರ್ಯಕ್ರಮ ಆದ ದಿನದಿಂದ 30ನೇ ದಿನ ಕ್ಯಾಲೆಂಡರ್‌ನಲ್ಲಿ ಗುರುತಿರಲಿ. ಅದರ ಹಿಂದುಮುಂದಿನ ಮೂರು ದಿನ ರಜೆ ಹಾಕಬೇಡಿ. ಹಾಕಲೇಬೇಕಾದರೆ ಪ್ರಯಾಣದ ಜಾಗದಿಂದ ಒಂದು ಗಂಟೆಯ ಮಾತುಕತೆ ಲೈವ್ ಆದರೂ ಇರಲಿ. ಉಡುಗೊರೆ ಸಬ್‌ಗಳು ಮರುತಿಂಗಳು ಬಹುಪಾಲು ಬಿದ್ದುಹೋಗುತ್ತವೆ ಎಂದೇ ಲೆಕ್ಕ ಹಿಡಿಯುವುದು ಕ್ಷೇಮ.

ಮಿಕ್ಸರ್: ವೇದಿಕೆ ಮಾತ್ರ ಬದಲಾದಾಗ

2019ರ ಆಗಸ್ಟ್ 1ರಂದು ಬ್ಲೆವಿನ್ಸ್ ಟ್ವಿಚ್ ಬಿಟ್ಟು ಮೈಕ್ರೋಸಾಫ್ಟ್‌ನ ಲೈವ್ ವೇದಿಕೆಯಾದ ಮಿಕ್ಸರ್‌ಗೆ ಹೋಗುವುದಾಗಿ ಪ್ರಕಟಿಸಿದರು. ಟ್ವಿಚ್‌ನಲ್ಲಿ ಆಗ ಫಾಲೋವರ್‌ಗಳು 1.4 ಕೋಟಿಗೂ ಹೆಚ್ಚು. ಟ್ವಿಚ್ ಒಪ್ಪಂದದ ಷರತ್ತುಗಳು ಗೇಮಿಂಗ್‌ನಾಚೆ ಬೆಳೆಯಲು ತೊಡಕಾಗಿದ್ದವು ಎಂದು ಅವರ ವ್ಯವಹಾರ ನೋಡಿಕೊಳ್ಳುತ್ತಿದ್ದ ಪತ್ನಿ ಜೆಸಿಕಾ ಬ್ಲೆವಿನ್ಸ್ ಆಮೇಲೆ ವಿವರಿಸಿದರು. ಒಪ್ಪಂದದ ಮೊತ್ತವನ್ನು ಯಾರೂ ಅಧಿಕೃತವಾಗಿ ಹೇಳಲಿಲ್ಲ. ವರದಿಗಳು ಕೋಟಿಗಟ್ಟಲೆ ಡಾಲರ್ ಎಂದವು.

ಮೊದಲ ವಾರದಲ್ಲೇ ಮಿಕ್ಸರ್‌ನಲ್ಲಿ ಸಬ್‌ಗಳು ಹತ್ತು ಲಕ್ಷ ದಾಟಿದ ಸುದ್ದಿ ಎಲ್ಲೆಡೆ ಓಡಾಡಿತು. ಸಣ್ಣಕ್ಷರದಲ್ಲಿ ಇದ್ದದ್ದು ಇದು: ನಿಂಜಾ ಚಾನೆಲ್‌ನ ಮೊದಲ ಸಬ್ ಸೆಪ್ಟೆಂಬರ್ ಕೊನೆಯವರೆಗೆ ಉಚಿತ. ಉಚಿತ ಸಬ್‌ನಿಂದ ಒಬ್ಬರು ಖಾತೆ ತೆರೆದರು ಎಂಬುದಷ್ಟೇ ಗೊತ್ತಾಗುತ್ತದೆ, ದಿನಾ ಬರುತ್ತಾರೆ ಎಂದು ಗೊತ್ತಾಗುವುದಿಲ್ಲ. ಅವರ ದಿನನಿತ್ಯದ ಏಕಕಾಲದ ನೋಡುಗರು ಟ್ವಿಚ್‌ನ ಹಳೆಯ ಮಟ್ಟಕ್ಕಿಂತ ಬಹಳ ಕೆಳಗೇ ಉಳಿದರು.

ತಾಂತ್ರಿಕವಾಗಿ ಮಿಕ್ಸರ್ ಕಳಪೆಯಾಗಿರಲಿಲ್ಲ. ಅದರ ಎಫ್‌ಟಿಎಲ್ ಎಂಬ ಪ್ರಸಾರ ತಂತ್ರದಲ್ಲಿ ಚಿತ್ರ ಒಂದು ಸೆಕೆಂಡ್‌ಗೂ ಕಡಿಮೆ ತಡದಲ್ಲಿ ನೋಡುಗರನ್ನು ತಲುಪುತ್ತಿತ್ತು. ಟ್ವಿಚ್‌ನಲ್ಲಿ ಹಲವು ಸೆಕೆಂಡ್ ಹಿಡಿಯುತ್ತಿತ್ತು. ಚಾಟ್‌ಗೆ ತಕ್ಷಣ ಉತ್ತರ ಬರುವುದು ಸಣ್ಣ ಚಾನೆಲ್‌ನಲ್ಲಿ ದೊಡ್ಡ ಅನುಕೂಲ. ಚಾಟ್ ಸಾಲುಗಳು ಓದಲಾಗದ ವೇಗದಲ್ಲಿ ಓಡುವ ಚಾನೆಲ್‌ನಲ್ಲಿ ಅದು ಯಾರ ಗಮನಕ್ಕೂ ಬಾರದ ಗುಣ.

ಜನ ಹಿಂಬಾಲಿಸದಿದ್ದಕ್ಕೆ ಕಾರಣ ನೋಡುವ ಅಭ್ಯಾಸದಲ್ಲಿದೆ. ಟ್ವಿಚ್ ತೆರೆದವರು ಒಬ್ಬರನ್ನೇ ನೋಡುವುದಿಲ್ಲ. ಐದಾರು ಚಾನೆಲ್‌ಗಳ ನಡುವೆ ಓಡಾಡುತ್ತಾರೆ, ಚಾಟ್‌ನಲ್ಲಿ ಅವರಿಗೆ ಪರಿಚಿತರಿರುತ್ತಾರೆ, ವರ್ಷಗಟ್ಟಲೆ ಕೂಡಿಟ್ಟ ಸಬ್ ಬ್ಯಾಡ್ಜ್, ಇಮೋಟ್ (ಚಾಟ್‌ನಲ್ಲಿ ಬಳಸುವ ಚಿಕ್ಕ ಚಿತ್ರ) ಇರುತ್ತವೆ, ಪ್ರೈಮ್ ಸಬ್ ಅಲ್ಲೇ ಖರ್ಚಾಗಬೇಕು. ಸ್ಟ್ರೀಮರ್ ಹೋದರೆ ಇವೆಲ್ಲ ಅಲ್ಲೇ ಉಳಿಯುತ್ತವೆ. ಬ್ಲೆವಿನ್ಸ್ ಹೋದ ಹೊತ್ತಿನಲ್ಲಿ ಫೋರ್ಟ್‌ನೈಟ್ ಆಡುವ ಬೇರೆ ಚಾನೆಲ್‌ಗಳು ಪಕ್ಕದಲ್ಲೇ ಲೈವ್ ಇದ್ದವು.

ಖಾಲಿ ಬಿಟ್ಟ ಚಾನೆಲ್ ಪುಟದ ಕಥೆಯೂ ಇದೆ. ಫಾಲೋವರ್‌ಗಳು ಇನ್ನೂ ಬರುತ್ತಿದ್ದ ಆ ಪುಟದಲ್ಲಿ ಟ್ವಿಚ್ ಬೇರೆ ಲೈವ್‌ಗಳನ್ನು ತೋರಿಸತೊಡಗಿತು. ಆಗಸ್ಟ್ 11ರಂದು ಅಲ್ಲಿ ಒಂದು ಅಶ್ಲೀಲ ಪ್ರಸಾರ ಮೇಲೇರಿ ಕಾಣಿಸಿಕೊಂಡಿತು. ಬ್ಲೆವಿನ್ಸ್ ಬಹಿರಂಗವಾಗಿ ಆಕ್ಷೇಪಿಸಿದರು, ಟ್ವಿಚ್‌ನ ಆಗಿನ ಮುಖ್ಯಸ್ಥ ಎಮೆಟ್ ಶಿಯರ್ ಕ್ಷಮೆ ಕೇಳಿದರು. ಚಾನೆಲ್ ಪುಟ ಯಾರ ಹೆಸರಿನಲ್ಲಿದ್ದರೂ ಅದರ ಗೋಡೆ ವೇದಿಕೆಯದ್ದು.

2020ರ ಜೂನ್ 22ರಂದು ಮೈಕ್ರೋಸಾಫ್ಟ್ ಮಿಕ್ಸರ್ ಮುಚ್ಚುವುದಾಗಿ ಹೇಳಿತು. ಜುಲೈ 22ಕ್ಕೆ ಅದು ನಿಂತಿತು. ಫೇಸ್‌ಬುಕ್ ಗೇಮಿಂಗ್‌ಗೆ ಹೋಗಲು ಉಳಿದ ಸ್ಟ್ರೀಮರ್‌ಗಳಿಗೆ ದಾರಿ ಮಾಡಿಕೊಟ್ಟರು. ಬ್ಲೆವಿನ್ಸ್ ಮತ್ತು 2019ರ ಅಕ್ಟೋಬರ್‌ನಲ್ಲಿ ಅಲ್ಲಿಗೆ ಬಂದಿದ್ದ ಇನ್ನೊಬ್ಬ ದೊಡ್ಡ ಸ್ಟ್ರೀಮರ್ ಶ್ರೌಡ್ ಇಬ್ಬರೂ ಒಪ್ಪಂದದಿಂದ ಬಿಡುಗಡೆಯಾದರು. ಹಣದ ದೃಷ್ಟಿಯಿಂದ ಈ ಹೆಜ್ಜೆ ಸೋಲಲ್ಲ, ಬಹುಶಃ ಆ ಅವಧಿಯ ಅತ್ಯುತ್ತಮ ವ್ಯವಹಾರ. ನೋಡುಗರ ದೃಷ್ಟಿಯಿಂದ ಒಂದು ವರ್ಷದ ಅಭ್ಯಾಸ ಕಡಿದುಹೋಯಿತು.

ಮರಳಿದಾಗ ಕಂಡ ವ್ಯತ್ಯಾಸ

ಶ್ರೌಡ್ 2020ರ ಆಗಸ್ಟ್‌ನಲ್ಲಿ ಟ್ವಿಚ್‌ಗೆ ಮರಳಿದ ದಿನ ಏಕಕಾಲದ ನೋಡುಗರು 5 ಲಕ್ಷ ದಾಟಿದರು. ಬ್ಲೆವಿನ್ಸ್ ಸೆಪ್ಟೆಂಬರ್ 10ರಂದು ಹಲವು ವರ್ಷಗಳ ಹೊಸ ಒಪ್ಪಂದದೊಂದಿಗೆ ಮರಳಿದರು. ಬಂದವರ ಸಂಖ್ಯೆ ಅದರ ಹತ್ತಿರಕ್ಕೂ ಬರಲಿಲ್ಲ. ಇಬ್ಬರೂ ಅದೇ ವೇದಿಕೆ ಬಿಟ್ಟು ಅದೇ ವೇದಿಕೆಗೆ ಬಂದವರು. ಶ್ರೌಡ್ ನೋಡುಗರು ಕೌಂಟರ್-ಸ್ಟ್ರೈಕ್, ಪಬ್‌ಜಿ, ಏಪೆಕ್ಸ್ ಎಂದು ಆಟದಿಂದ ಆಟಕ್ಕೆ ಅವರ ಜೊತೆ ಹೋದವರು. ಆ ಬೇಸಿಗೆಯಲ್ಲಷ್ಟೇ ಬಂದಿದ್ದ ವ್ಯಾಲರಂಟ್ ಎಂಬ ಹೊಸ ಆಟ ಅವರ ಕೈಗೆ ಹೇಳಿಮಾಡಿಸಿದಂತಿತ್ತು. ನಿಂಜಾ ನೋಡುಗರಲ್ಲಿ ದೊಡ್ಡ ಪಾಲು 2018ರ ಫೋರ್ಟ್‌ನೈಟ್‌ಗಾಗಿ ಬಂದ ಶಾಲಾ ಮಕ್ಕಳು. ಎರಡು ವರ್ಷದಲ್ಲಿ ಅವರು ಬೆಳೆದರು, ಆಟವೂ ಬದಲಾಯಿತು.

ನೋಡುಗರಲ್ಲಿ ಎಷ್ಟು ಜನ ಆಟಕ್ಕಲ್ಲದೆ ಸ್ಟ್ರೀಮರ್‌ಗಾಗಿ ಬರುತ್ತಾರೆ ಎಂದು ಮುಂಚೆಯೇ ಅಳೆಯಲು ಸರಳ ದಾರಿಯಿದೆ. ವಾರದಲ್ಲಿ ಒಂದು ದಿನ, ಅದೇ ಗಂಟೆಗೆ, ಮುಖ್ಯ ಆಟ ಬಿಟ್ಟು ಬೇರೆ ಆಟ ಆಡಿ. ಎಂಟು ವಾರ ಬಿಡದೆ ಮಾಡಿ. ಮುಖ್ಯ ಆಟದ ಸರಾಸರಿ ನೋಡುಗರು 1,000 ಇದ್ದು ಬೇರೆ ಆಟದ ದಿನ 250 ಇದ್ದರೆ, ಸ್ಟ್ರೀಮರ್‌ಗಾಗಿ ಬರುವವರು ಆ 250. ಮೊದಲ ಎರಡು ವಾರದ ಅಂಕಿ ನಂಬಬೇಡಿ, ಕುತೂಹಲಕ್ಕೆ ಬಂದವರು ಇರುತ್ತಾರೆ. ಶಿಖರದ ಸಂಖ್ಯೆ ಬೇಡ, ಸರಾಸರಿಯೇ ಸಾಕು. ಬಹಳ ಸ್ಟ್ರೀಮರ್‌ಗಳು ಈ ಪರೀಕ್ಷೆ ಮಾಡುವುದೇ ಇಲ್ಲ, ಆ ದಿನದ ಆದಾಯ ಇಳಿಯುತ್ತದೆ ಎಂಬ ಭಯಕ್ಕೆ. ಆಟ ಹಳತಾದ ಮೇಲೆ ಮಾಡಿದರೆ ಪ್ರಯೋಜನ ಕಡಿಮೆ.

ಎಲ್ಲ ಕಡೆ ಒಟ್ಟಿಗೆ

2022ರ ಸೆಪ್ಟೆಂಬರ್ ಮೊದಲ ದಿನ ಬ್ಲೆವಿನ್ಸ್ ವಿರಾಮ ಬೇಕು ಎಂದು ಬರೆದು ಮಾಯವಾದರು. ಟ್ವಿಚ್ ಪುಟದಲ್ಲಿ ಪಾರ್ಟ್‌ನರ್ ಗುರುತು ಇರಲಿಲ್ಲ. ಒಂದು ವಾರದ ಬಳಿಕ ಟ್ವಿಚ್, ಯೂಟ್ಯೂಬ್, ಫೇಸ್‌ಬುಕ್, ಟಿಕ್‌ಟಾಕ್ ಮುಂತಾದ ಹಲವು ಕಡೆ ಒಟ್ಟಿಗೆ ಲೈವ್ ಬಂದರು. ಬೇರೆಡೆ ಏಕಕಾಲಕ್ಕೆ ಪ್ರಸಾರ ಮಾಡಬಾರದೆಂಬ ನಿಯಮ ಟ್ವಿಚ್‌ನ ಅಫಿಲಿಯೇಟ್ (ಪಾರ್ಟ್‌ನರ್‌ಗಿಂತ ಕೆಳಗಿನ ಹಂತ), ಪಾರ್ಟ್‌ನರ್ ಒಪ್ಪಂದದಲ್ಲಿತ್ತು. ಒಪ್ಪಂದದ ಹೊರಗಿದ್ದವರನ್ನು ಅದು ಕಟ್ಟುತ್ತಿರಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಟ್ವಿಚ್ ಆ ನಿರ್ಬಂಧವನ್ನು ಎಲ್ಲರಿಗೂ ತೆಗೆಯಿತು. ಷರತ್ತು ಇದ್ದೇ ಇದ್ದವು: ಟ್ವಿಚ್‌ಗೆ ಕಳಿಸುವ ಗುಣಮಟ್ಟ ಬೇರೆ ಕಡೆಗಿಂತ ಕಡಿಮೆ ಇರಬಾರದು, ನೋಡುಗರನ್ನು ಬೇರೆ ಲೈವ್‌ಗೆ ಹೋಗಿ ಎಂದು ಕಳಿಸಬಾರದು.

ಯಂತ್ರದ ಮಟ್ಟದಲ್ಲಿ ತೊಂದರೆ ಬರುವುದು ಅಪ್‌ಲೋಡ್‌ನಲ್ಲಿ. 1080 ಪಿ, 60 ಫ್ರೇಮ್‌ಗೆ ಟ್ವಿಚ್ ಹೇಳುವ ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಕಳಿಸುವ ದತ್ತಾಂಶ, 6,000 ಕೆಬಿಪಿಎಸ್ (6 ಎಂಬಿಪಿಎಸ್). ಮೂರು ಕಡೆಗೆ ನೇರವಾಗಿ ಕಳಿಸಿದರೆ 18 ಎಂಬಿಪಿಎಸ್. ಆಟದ ಸಂಪರ್ಕ, ಏರಿಳಿತ ಎಲ್ಲಕ್ಕೂ ಜಾಗ ಬಿಡಬೇಕಾದರೆ ಸ್ಥಿರವಾದ 30 ಎಂಬಿಪಿಎಸ್ ಅಪ್‌ಲೋಡ್ ಬೇಕು. ಅಷ್ಟಿಲ್ಲದವರು ಒಂದೇ ಪ್ರತಿಯನ್ನು ರೀಸ್ಟ್ರೀಮ್ ಮಾದರಿಯ ಸೇವೆಗೆ ಕಳಿಸಿ ಅಲ್ಲಿಂದ ಹಂಚಿಸುತ್ತಾರೆ. ಆ ಸೇವೆ ನಿಂತರೆ ಎಲ್ಲ ಕಡೆಯೂ ಒಟ್ಟಿಗೇ ನಿಲ್ಲುತ್ತದೆ. ಪ್ರಸಾರಕ್ಕೆ ಬಳಸುವ ಒಬಿಎಸ್ ತಂತ್ರಾಂಶದಲ್ಲಿ ಫ್ರೇಮ್ ಬೀಳುತ್ತಿದ್ದರೆ ಎರಡು ಸಂಖ್ಯೆ ಬೇರೆಬೇರೆ ನೋಡಿ: ನೆಟ್‌ವರ್ಕ್‌ನಿಂದ ಬಿದ್ದದ್ದಾದರೆ ಬಿಟ್‌ರೇಟ್ ಇಳಿಸಬೇಕು, ಎನ್‌ಕೋಡಿಂಗ್‌ನಿಂದ (ಚಿತ್ರವನ್ನು ಕಳಿಸಲು ಕುಗ್ಗಿಸುವ ಕೆಲಸ) ಬಿದ್ದದ್ದಾದರೆ ಎನ್‌ಕೋಡರ್‌ನ ಸೆಟ್ಟಿಂಗ್ ಹಗುರ ಮಾಡಬೇಕು. ಒಂದಕ್ಕೆ ಇನ್ನೊಂದರ ಮದ್ದು ಹಾಕಿ ಗಂಟೆಗಟ್ಟಲೆ ಕಳೆಯುವವರೇ ಹೆಚ್ಚು.

ಲೈವ್ ನೋಡಿಕೊಂಡೇ ಎದುರಾಳಿಗಳು ಹುಡುಕಿ ಬಂದು ಹೊಡೆಯುವ ಕಾಟ ಫೋರ್ಟ್‌ನೈಟ್‌ನಲ್ಲಿ ದೊಡ್ಡ ಸ್ಟ್ರೀಮರ್‌ಗಳಿಗೆಲ್ಲ ಇತ್ತು. ಒಬಿಎಸ್‌ನಲ್ಲಿ ತಡ ಹಾಕಬಹುದು. ಆದರೆ ಹಾಕಿದಷ್ಟೂ ಚಾಟ್ ಹಳತಾಗುತ್ತದೆ. ಹಲವು ವೇದಿಕೆಗಳಲ್ಲಿ ಪ್ರಸಾರ ಮಾಡುವವರಿಗೆ ಇದು ಇನ್ನೂ ತೊಡಕು, ಪ್ರತಿ ವೇದಿಕೆಯ ತಡ ಬೇರೆಬೇರೆ, ಒಂದೇ ಪ್ರಶ್ನೆಗೆ ಮೂರು ಹೊತ್ತಿನಲ್ಲಿ ಉತ್ತರ ತಲುಪುತ್ತದೆ. ಚಾಟ್ ಕಾಯುವ ಮಾಡರೇಟರ್‌ಗಳನ್ನೂ ವೇದಿಕೆಗೊಬ್ಬರಂತೆ ಬೇರೆಯಾಗಿ ಇಡಬೇಕು.

ಒಬ್ಬರ ಮೇಲೆ ನಿಂತ ವ್ಯವಹಾರದ ಕಾಗದಪತ್ರ

2024ರ ಮಾರ್ಚ್‌ನಲ್ಲಿ, 32ನೇ ವಯಸ್ಸಿನಲ್ಲಿ, ಪಾದದಲ್ಲಿದ್ದ ಮಚ್ಚೆ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಎಂದು ಪತ್ತೆಯಾಗಿರುವುದಾಗಿ ಬ್ಲೆವಿನ್ಸ್ ತಿಳಿಸಿದರು. ಬೇಗ ಸಿಕ್ಕಿತ್ತು, ಕೆಲವೇ ದಿನಗಳಲ್ಲಿ ಕ್ಯಾನ್ಸರ್ ಪೂರ್ತಿ ತೆಗೆಯಲಾಗಿದೆ ಎಂದರು. ಅಷ್ಟರಲ್ಲಿ ಅವರ ಆದಾಯ ಸಬ್ ಒಂದನ್ನೇ ನಂಬಿರಲಿಲ್ಲ: ರೆಡ್ ಬುಲ್, ಅಡಿಡಾಸ್ ಪ್ರಾಯೋಜಕತ್ವ, 2020ರ ಜನವರಿಯಲ್ಲಿ ಫೋರ್ಟ್‌ನೈಟ್‌ನಲ್ಲೇ ಬಂದ ನಿಂಜಾ ಉಡುಪು, ಎರಡು ಕೋಟಿಗೂ ಹೆಚ್ಚು ಚಂದಾದಾರರ ಯೂಟ್ಯೂಬ್ ಚಾನೆಲ್. ಲೈವ್ ಇಲ್ಲದ ವಾರದಲ್ಲೂ ಹಳೆಯ ವೀಡಿಯೊಗಳಿಗೆ ಜಾಹೀರಾತು ಹಣ ಬರುತ್ತದೆ. ಟ್ವಿಚ್‌ನಲ್ಲಿ ಪಾರ್ಟ್‌ನರ್‌ಗಳ ಪೂರ್ತಿ ಪ್ರಸಾರದ ಪ್ರತಿ 60 ದಿನಕ್ಕೆ ಅಳಿಸಿಹೋಗುತ್ತದೆ, ಸಣ್ಣ ಚಾನೆಲ್‌ಗಳದ್ದು ಇನ್ನೂ ಬೇಗ. ಅದಕ್ಕೆ ಪ್ರಸಾರದ ಜೊತೆಗೇ ಸ್ಥಳೀಯ ಡಿಸ್ಕ್‌ನಲ್ಲಿ ಹೆಚ್ಚಿನ ಬಿಟ್‌ರೇಟ್‌ನ ಪ್ರತಿ ಉಳಿಸಬೇಕು, ಆಟದ ದನಿ ಮತ್ತು ಮೈಕ್ ಬೇರೆ ಟ್ರ್ಯಾಕ್‌ನಲ್ಲಿರಲಿ. ಇಲ್ಲವಾದರೆ ಹಿನ್ನೆಲೆ ಹಾಡಿನ ಹಕ್ಕಿನ ಜಗಳಕ್ಕೆ ಇಡೀ ತುಣುಕು ಬಿಸಾಡಬೇಕಾಗುತ್ತದೆ.

ವೇದಿಕೆಯ ಪಾಲಿನ ದರವೂ ನಿಂತ ನೀರಲ್ಲ. ಶೇ. 70ರ ವಿಶೇಷ ಪಾಲು ಪಡೆಯುತ್ತಿದ್ದವರಿಗೆ 2023ರ ಜೂನ್ 1ರಿಂದ ಟ್ವಿಚ್ ಮಿತಿ ಹಾಕಿತು: ಸಬ್‌ನಿಂದ ಬರುವ ಮೊದಲ 1,00,000 ಡಾಲರ್‌ಗೆ ಮಾತ್ರ ಹಳೆಯ ಪಾಲು, ಅದರಾಚೆಗೆ ಅರ್ಧ. ಆ ಮಿತಿಯಲ್ಲಿ, ವರ್ಷಕ್ಕೆ ಹತ್ತು ಲಕ್ಷ ಡಾಲರ್ ಸಬ್ ಹಣ ಹುಟ್ಟಿಸುತ್ತಿದ್ದ ಚಾನೆಲ್‌ಗೆ 7,00,000 ಬದಲು 5,20,000 ಬರುವಂತಾಯಿತು.

ಒಂದೇ ವೇದಿಕೆಗೆ ಬದ್ಧವಾಗುವ ಒಪ್ಪಂದ ಕೈಗೆ ಬಂದಾಗ ಸಹಿಗೆ ಮುಂಚೆ ನಾಲ್ಕು ಕಲಮುಗಳನ್ನು ಹುಡುಕಬೇಕು. ವೇದಿಕೆ ಮುಚ್ಚಿದರೆ ಉಳಿದ ಅವಧಿಯ ಹಣ ಪೂರ್ತಿ ಸಿಗುತ್ತದೆಯೇ, ಬದ್ಧತೆ ಅಂದೇ ಬಿಡುತ್ತದೆಯೇ? ತಿಂಗಳಿಗೆ ಕನಿಷ್ಠ ಎಷ್ಟು ಗಂಟೆ ಲೈವ್ ಇರಬೇಕು, ಅನಾರೋಗ್ಯದ ದಿನಗಳು ಅದರಲ್ಲಿ ಕಳೆಯುತ್ತವೆಯೇ? ಲೈವ್‌ನ ರೆಕಾರ್ಡ್ ಮಾಡಿದ ಪ್ರತಿಯನ್ನು ಬೇರೆ ಕಡೆ ಹಾಕಲು ಎಷ್ಟು ಹೊತ್ತು ಕಾಯಬೇಕು? ಆಟದಾಚೆಯ ಕೆಲಸಕ್ಕೆ, ಅಂದರೆ ಟಿವಿ, ಪುಸ್ತಕ, ಉಡುಪು ಮಾರಾಟಕ್ಕೆ, ವೇದಿಕೆಯ ಒಪ್ಪಿಗೆ ಬೇಕೇ? ಕೊನೆಯದನ್ನು ಸ್ಟ್ರೀಮರ್‌ಗಳು ಓದದೆ ಬಿಡುವುದು ಜಾಸ್ತಿ, ಏಕೆಂದರೆ ಸಹಿ ಹಾಕುವ ದಿನ ಅವರ ಬಳಿ ಆಟದಾಚೆಯ ಕೆಲಸ ಯಾವುದೂ ಇರುವುದಿಲ್ಲ.